ಮಣ್ ಮುಚ್ಚುದ್ರೆ ಬೆಂಕಿ ಸಾಯ್ತದಾ?

ಮೊನ್ನೆ ರಾತ್ರಿ ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ. "ಮಾವ, ಶನಿವಾರ ನಾವು 14 ಜನ ನಿಮ್ಮ ಪಾಂಡವಪುರದ ಕಡೆ ಬರ್ತಿದ್ದೀವಿ. ಟೆಂಟ್ ಹಾಕಿ ಕ್ಯಾಂಪ್‌ಫೈರ್ ಮಾಡೋಕೆ ಒಂದು ಒಳ್ಳೆ ಬೆಟ್ಟ ಹೇಳಿ. ಜನ ಕಡಿಮೆ ಇರಬೇಕು, ಫಾರೆಸ್ಟ್‌ನವರ ಕಾಟ ಇರಬಾರದು" ಅಂದ.

ಫಾರೆಸ್ಟ್‌ನವರ ಕಾಟ! "ನಾಳೆ ಹೇಳ್ತೀನಿ ಇರಪ್ಪ" ಅಂತ ಫೋನ್ ಇಟ್ಟೆ. ಬೈಯ್ಯೋಣ ಅಂದರೆ ಬಾಯಿ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನೋದನ್ನೇ ಮೊದಲು ಹೇಳಿಬಿಡುತ್ತೇನೆ.

ಡಿಗ್ರಿ ಮುಗಿಸಿದ ವರ್ಷ ನಾವು ಐದು ಜನ ಗೆಳೆಯರು ಇಲ್ಲೇ ಹತ್ತಿರದ ಒಂದು ಬೆಟ್ಟದ ಮೇಲೆ ರಾತ್ರಿ ಕಳೆದೆವು. ಫೆಬ್ರವರಿ ತಿಂಗಳು. ಆಗೆಲ್ಲ ಟೆಂಟು ಗಿಂಟು ಎಲ್ಲಿ, ಒಂದು ಜಮಖಾನ, ಎರಡು ಕಂಬಳಿ, ಒಂದು ಕೋಳಿ, ಮನೆಯಲ್ಲೇ ಅರೆದು ತಂದ ಮಸಾಲೆ ಡಬ್ಬಿ ಅಷ್ಟೇ. ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಊಟ ಆದ ಮೇಲೆ ಅದಕ್ಕೇ ಒಂದು ದಪ್ಪ ಒಣ ಕೊರಡು ತಂದು ಹಾಕಿ, ಸುತ್ತ ಕೂತು, ಕೋಳಿ ಕೂಗುವ ಹೊತ್ತಿನವರೆಗೆ ಹರಟೆ ಹೊಡೆದೆವು. ಬೆಳಿಗ್ಗೆ ಹೊರಡುವಾಗ ಬಾಟಲಿಯಲ್ಲಿ ಹನಿ ನೀರಿಲ್ಲ. ಕಾಲಲ್ಲಿ ಮಣ್ಣು ಎಳೆದು ಬೂದಿ ಮುಚ್ಚಿದೆವು, ಮೇಲೊಂದು ಚಪ್ಪಡಿ ಕಲ್ಲೂ ಇಟ್ಟೆವು. ಬಹಳ ಜವಾಬ್ದಾರಿಯ ಹುಡುಗರು ನಾವು ಅಂತ ನಮಗೆ ನಾವೇ ಅಂದುಕೊಂಡು ಇಳಿದೆವು.

ಕೆಳಗೆ ಟೀ ಅಂಗಡಿಗೆ ಬಂದಾಗ ಒಬ್ಬನ ಬೈಕ್ ಕೀ ಇಲ್ಲ. ಟೀ ಕುಡಿದು, ತಿಂಡಿ ತಿಂದು, ಬೈದಾಡಿಕೊಂಡು ಮತ್ತೆ ಹತ್ತುವಷ್ಟರಲ್ಲಿ ಹನ್ನೊಂದು ಗಂಟೆ. ಗಾಳಿ ಎದ್ದಿತ್ತು. ಮೇಲೆ ಹೋಗಿ ನೋಡಿದರೆ ಹೊಗೆ.

ಹಗಲು ಬಿಸಿಲಿನಲ್ಲಿ ಹುಲ್ಲಿನ ಬೆಂಕಿ ಕಣ್ಣಿಗೆ ನೆಟ್ಟಗೆ ಕಾಣೋದೇ ಇಲ್ಲ. ಚಟಪಟ ಅಂತ ಸದ್ದು ಕೇಳುತ್ತದೆ, ಕಪ್ಪು ಅಂಚು ಮಾತ್ರ ನೆಲದ ಮೇಲೆ ಮುಂದಕ್ಕೆ ಸರಿಯುತ್ತಾ ಹೋಗುತ್ತದೆ, ಅಷ್ಟೇ. ಆಡು ಕಾಯುವ ಒಬ್ಬ ಅಜ್ಜ ಹಸಿ ಹೊಂಗೆ ಕೊಂಬೆ ಹಿಡಿದು ಒಬ್ಬನೇ ಬಡಿಯುತ್ತಿದ್ದ. ನಾವೂ ಕೊಂಬೆ ಮುರಿದುಕೊಂಡು ಸೇರಿಕೊಂಡೆವು. ಆರಿಸುವ ಹೊತ್ತಿಗೆ ಒಂದು ಗಂಟೆ ಹಿಡಿಯಿತು. ಅರ್ಧ ಎಕರೆ ಹುಲ್ಲು ಬೂದಿ. ನನ್ನ ಕೈ ರೋಮ ಎಲ್ಲ ಸುಟ್ಟು ಹೋಗಿತ್ತು.

"ರಾತ್ರಿ ಇದ್ದೋರು ನೀವೇ ಏನ್ರಪ್ಪ?" ಅಂತ ಅಜ್ಜ ಕೇಳಿದ. ಯಾರೂ ಮಾತಾಡಲಿಲ್ಲ. ಒಬ್ಬ ಗೆಳೆಯ ಮೆಲ್ಲಗೆ "ಮಣ್ಣು ಮುಚ್ಚಿದ್ವಿ ತಾತ" ಅಂದ. "ಮಣ್ ಮುಚ್ಚುದ್ರೆ ಬೆಂಕಿ ಸಾಯ್ತದಾ? ನಿಮ್ಮವ್ವ ಒಲೇಲಿ ಕೆಂಡ ಮುಚ್ಚಿಡದ ನೀವು ನೋಡಿಲ್ವಾ?" ಅಂದ. ಅಷ್ಟೇ. ಆಡು ಹೊಡೆದುಕೊಂಡು ಹೋದ.

ನೋಡಿದ್ದೆ ಕಣ್ರೀ. ನಮ್ಮಜ್ಜಿ ರಾತ್ರಿ ಮುದ್ದೆ ಸಾರು ಮುಗಿದ ಮೇಲೆ ಕೆಂಡವನ್ನೆಲ್ಲ ಒಲೆಯ ಮೂಲೆಗೆ ತಳ್ಳಿ ಬೂದಿ ಮುಚ್ಚುತ್ತಿದ್ದಳು. ಬೆಳಿಗ್ಗೆ ಬೂದಿ ಸರಿಸಿ, ಎರಡು ತೆಂಗಿನ ಗರಿ ಇಟ್ಟು ಊದುಕೊಳವೆಯಲ್ಲಿ ಊದಿದರೆ ಭಗ್ಗನೆ ಹತ್ತಿಕೊಳ್ಳುತ್ತಿತ್ತು. ಬೆಂಕಿಪೊಟ್ಟಣ ಉಳಿಸುವ ಉಪಾಯ. ಪಕ್ಕದ ಮನೆಯವರು ಬೆರಣಿ ತಂದು ಅದೇ ಕೆಂಡದಿಂದ ಬೆಂಕಿ ಹೊತ್ತಿಸಿಕೊಂಡು ಹೋಗುತ್ತಿದ್ದರು. ಅಂದರೆ ಬೂದಿ, ಮಣ್ಣು ಮುಚ್ಚೋದು ಬೆಂಕಿ ಆರಿಸುವ ದಾರಿ ಅಲ್ಲ, ಬೆಂಕಿಯನ್ನು ಬೆಳಗಿನವರೆಗೆ ಜೋಪಾನ ಮಾಡುವ ದಾರಿ! "ಬೂದಿ ಮುಚ್ಚಿದ ಕೆಂಡ" ಅಂತ ದಿನಕ್ಕೆ ಹತ್ತು ಸಲ ರಾಜಕೀಯದ ಸುದ್ದಿಯಲ್ಲಿ ಬರೆಯುತ್ತೇವೆ, ಬೆಟ್ಟದ ಮೇಲೆ ಹೋದಾಗ ಮಾತ್ರ ಅದರ ಅರ್ಥ ಮರೆತುಹೋಗುತ್ತದೆ.

ಮಣ್ಣು ಮುಚ್ಚಿದಾಗ ಗಾಳಿ ಕಡಿಮೆಯಾಗುತ್ತದೆ, ಉರಿ ಹೋಗುತ್ತದೆ. ಆದರೆ ಶಾಖ ಒಳಗೇ ಉಳಿಯುತ್ತದೆ. ಕೆಂಡಕ್ಕೆ ಬೇಕಾಗುವ ಗಾಳಿ ಸ್ವಲ್ಪವೇ. ಕೆಳಗೆ ಒಣಗಿದ ಬೇರು ಸಿಕ್ಕಿದರೆ ಅದನ್ನೇ ಹಿಡಿದುಕೊಂಡು ಮಣ್ಣಿನೊಳಗೆ ಕಮರುತ್ತಾ ಹೋಗುತ್ತದೆ. ಮಧ್ಯಾಹ್ನ ಬಿಸಿಲೇರಿ ಗಾಳಿ ಬೀಸಿದಾಗ ಎಲ್ಲೋ ಒಂದು ಕಡೆ ಮೇಲೆ ಬರುತ್ತದೆ. ಅಷ್ಟೊತ್ತಿಗೆ ನೀವು ಮದ್ದೂರಿನಲ್ಲಿ ವಡೆ ತಿನ್ನುತ್ತಿರುತ್ತೀರಿ. ಬೆಂಕಿ ಹಚ್ಚಿದವರಿಗೆ ತಾವು ಬೆಂಕಿ ಹಚ್ಚಿದ್ದು ಗೊತ್ತೇ ಆಗುವುದಿಲ್ಲ. ನಮ್ಮ ಗೆಳೆಯ ಕೀ ಬೀಳಿಸಿಕೊಳ್ಳದಿದ್ದರೆ ನಾನೂ ಇವತ್ತಿಗೂ ಪ್ರಕೃತಿ ಪ್ರೇಮಿ ಅಂತ ಓಡಾಡಿಕೊಂಡಿರುತ್ತಿದ್ದೆ.

ಹಾಗಾದರೆ ಸರಿಯಾಗಿ ಆರಿಸೋದು ಹೇಗೆ? ನೀರು ಹಾಕಬೇಕು. ಕೋಲಿನಲ್ಲಿ ಬೂದಿ ಕಲಕಬೇಕು. ಮತ್ತೆ ನೀರು, ಮತ್ತೆ ಕಲಕು. ಚುಸ್ ಅನ್ನೋ ಸದ್ದು ನಿಂತು ಅದು ರಾಗಿ ಅಂಬಲಿ ತರ ಆಗಬೇಕು. ದಪ್ಪ ಕೊರಡಿದ್ದರೆ ತಿರುಗಿಸಿ ಅಡಿಗೂ ಹಾಕಬೇಕು. ಕೊನೆಗೆ ಕೈಯ ಹಿಂಭಾಗವನ್ನು ಮೊದಲು ಹತ್ತಿರ ಹಿಡಿದು, ಆಮೇಲೆ ಮುಟ್ಟಿ ನೋಡಬೇಕು. ಬೆಚ್ಚಗಿದೆ ಅನ್ನಿಸಿದರೂ ಇನ್ನೂ ಆರಿಲ್ಲ ಅಂತಲೇ ಲೆಕ್ಕ. ಇದಕ್ಕೆ ಕುಡಿಯುವ ಬಾಟಲಿಯ ಕೊನೆಯ ಗುಟುಕು ಸಾಲದು, ಒಂದು ಬಿಂದಿಗೆಯಾದರೂ ಬೇಕು. ಕುಂತಿಬೆಟ್ಟವೋ ಕರಿಘಟ್ಟವೋ, ಯಾವ ಬೆಟ್ಟಕ್ಕಾದರೂ ಸರಿ, ನಿಮ್ಮ ಗುಂಪಿನಲ್ಲಿ ಬಿಂದಿಗೆ ನೀರು ಹೊತ್ತು ಹತ್ತುವವರು ಯಾರಿದ್ದಾರೆ ಹೇಳಿ. ಟ್ರೈಪಾಡ್ ಹೊತ್ತು ತರುತ್ತಾರೆ, ಸ್ಪೀಕರ್ ತರುತ್ತಾರೆ, ಬಿಯರ್ ಕೇಸನ್ನಂತೂ ಮಗು ತರ ಎತ್ತಿಕೊಂಡು ಬರುತ್ತಾರೆ. ಬಿಂದಿಗೆ ಮಾತ್ರ ಭಾರ.

ಇನ್ನು ನಮ್ಮ ಮಂಡ್ಯ, ಮೈಸೂರು ಸುತ್ತಿನ ಬೆಟ್ಟಗಳು ಮಲೆನಾಡಲ್ಲ. ಜನವರಿ ಕಳೆದರೆ ಹುಲ್ಲು ಕಡ್ಡಿಯಂತೆ ಒಣಗುತ್ತದೆ, ಲಂಟಾನ ಗಿಡ ಸೌದೆ ಒಟ್ಟಿದ ಹಾಗೆ ನಿಂತಿರುತ್ತದೆ. ಮೇಲಾಗಿ ಏರು. ಬೆಂಕಿ ಇಳಿಜಾರಿಗಿಂತ ಏರಿನಲ್ಲಿ ಜೋರಾಗಿ ಓಡುತ್ತದೆ, ಯಾಕೆಂದರೆ ಕೆಳಗಿನ ಉರಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ರೆಡಿ ಮಾಡಿಟ್ಟಿರುತ್ತದೆ. ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚ್‌ನಲ್ಲಿ ಚಾರಣಕ್ಕೆ ಹೋದವರು ಹುಲ್ಲಿನ ಇಳಿಜಾರಿನಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿಕೊಂಡರು. 20ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಇನ್ನೂ ಚಿಕ್ಕ ವಯಸ್ಸಿನವರು.

ಬಂಡೀಪುರದ 2019ರ ಫೆಬ್ರವರಿ ಎಲ್ಲರಿಗೂ ನೆನಪಿರಬೇಕು. ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಸುಟ್ಟಿತು, ಹೆಲಿಕಾಪ್ಟರ್‌ನಲ್ಲಿ ನೀರು ಸುರಿಯಬೇಕಾಯಿತು. ಅದಕ್ಕೂ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸೋಕೆ ಹೋದ ಯುವ ಅರಣ್ಯ ರಕ್ಷಕರೊಬ್ಬರು ಬೆಂಕಿಗೇ ಸಿಕ್ಕಿ ಪ್ರಾಣ ಬಿಟ್ಟರು. ಇವು ಕ್ಯಾಂಪ್‌ಫೈರ್‌ನಿಂದ ಆದವು ಅಂತ ನಾನು ಹೇಳುತ್ತಿಲ್ಲ. ಬೆಂಕಿ ಹತ್ತಿದ ಮೇಲೆ ಅದನ್ನು ಆರಿಸಲು ಓಡುವವರು ಯಾರು ಅಂತ ಹೇಳುತ್ತಿದ್ದೇನೆ. ಈಗ ಉಪಗ್ರಹ ನೋಡಿ ಮೊಬೈಲಿಗೆ ಅಲರ್ಟ್ ಬರುತ್ತದೆ, ನಿಜ. ಆದರೆ ಅಲರ್ಟ್ ಬಂದ ಮೇಲೆ ಬೆಟ್ಟ ಹತ್ತೋದು ಉಪಗ್ರಹ ಅಲ್ಲ. ಒಬ್ಬ ಗಾರ್ಡು, ಮೂರು ಜನ ದಿನಗೂಲಿ ಫೈರ್ ವಾಚರ್‌ಗಳು, ಕೈಯಲ್ಲಿ ಅದೇ ಹಸಿ ಸೊಪ್ಪು. ಇವರನ್ನೇ ನನ್ನ ಅಳಿಯ "ಕಾಟ" ಅಂದಿದ್ದು.

ಮತ್ತೆ ಈ "ಸರ್ಕಾರಿ ಜಾಗ ತಾನೇ" ಅನ್ನೋ ಮಾತು. ಯಾರದ್ದೋ ಕಬ್ಬಿನ ಗದ್ದೆಯಲ್ಲಿ ನೀವು ಕೇಳದೆ ಬೆಂಕಿ ಹಾಕುತ್ತೀರಾ? ಇಲ್ಲ, ಕುಡುಗೋಲು ಹಿಡಿದು ಬರುತ್ತಾರೆ ಅಂತ ಗೊತ್ತು. ಸರ್ಕಾರಿ ಅಂದರೆ ಮಾತ್ರ ಯಾರದ್ದೂ ಅಲ್ಲ ಅನ್ನೋ ಲೆಕ್ಕ. ಕರ್ನಾಟಕ ಅರಣ್ಯ ಕಾಯ್ದೆ 1963ರಲ್ಲೇ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚೋದು ಅಪರಾಧ. ವನ್ಯಜೀವಿಧಾಮ ಆದರೆ 1972ರ ಕೇಂದ್ರ ಕಾಯ್ದೆಯ 30ನೇ ಸೆಕ್ಷನ್ ಇದೆ. ಧಾಮಕ್ಕೆ ಅಪಾಯ ಆಗುವ ಹಾಗೆ ಬೆಂಕಿ ಹೊತ್ತಿಸಿದರೂ ತಪ್ಪು, ಉರಿಯೋ ಬೆಂಕಿ ಬಿಟ್ಟು ಬಂದರೂ ತಪ್ಪು. ಮೇಲುಕೋಟೆಯ ಸುತ್ತಲಿನ ಕಾಡು ತೋಳಗಳಿಗಾಗಿ 1974ರಲ್ಲಿ ಮಾಡಿದ ಧಾಮ ಅನ್ನೋದು ಪುಳಿಯೋಗರೆ ತಿಂದು ಬರುವ ಎಷ್ಟು ಜನಕ್ಕೆ ಗೊತ್ತು? ಮುತ್ತತ್ತಿ ಕಾವೇರಿ ವನ್ಯಜೀವಿಧಾಮದ ಒಳಗೇ ಇದೆ. ಅಲ್ಲಿ ಆನೆ ನೀರಿಗೆ ಇಳಿಯುವ ದಾರಿಯಲ್ಲೇ ಬಾಟಲಿ ಒಡೆದು ಹಾಕುತ್ತಾರಲ್ಲ, ಆನೆಯ ಪಾದ ಮೆತ್ತಗಿರುತ್ತದೆ ಸ್ವಾಮಿ, ಲಾರಿ ಟೈರಲ್ಲ ಅದು.

"ಹಳ್ಳಿಯವರು ಬೆಂಕಿ ಹಾಕಲ್ವಾ, ಬೀಡಿ ಎಸೆಯಲ್ವಾ" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಹಾಕುತ್ತಾರೆ. ಹೊಸ ಹುಲ್ಲು ಚಿಗುರಲಿ ಅಂತ ಹಾಕುವವರಿದ್ದಾರೆ, ಅಧಿಕಾರಿಗಳ ಮೇಲಿನ ಸಿಟ್ಟಿಗೆ ಹಾಕುವವರೂ ಇದ್ದಾರೆ. ಅದು ತಪ್ಪೇ, ಅದರ ಬಗ್ಗೆ ಬೇರೆ ದಿನ ಜಗಳ ಆಡೋಣ. ಮುತ್ತತ್ತಿರಾಯನಿಗೆ ಹರಕೆ ತೀರಿಸಿ ಅಡುಗೆ ಮಾಡುವವರ ಒಲೆಯೂ ಬೆಂಕಿಯೇ. ಆದರೆ ಒಂದು ಗಮನಿಸಿದ್ದೇನೆ. ಹೀಗೆ ಪರ (ಹರಕೆಯ ಊಟ) ಮಾಡಲು ಬಂದ ಗುಂಪಿನಲ್ಲಿ ಒಬ್ಬ ಅಜ್ಜಿ ಇದ್ದೇ ಇರುತ್ತಾಳೆ, ಏಳುವ ಮೊದಲು ಒಲೆಗೆ ಎರಡು ಚೊಂಬು ನೀರು ಹಾಕು ಅಂತ ಯಾರಿಗಾದರೂ ಗದರಿಸುತ್ತಾಳೆ. ನಿಮ್ಮ ಟೆಂಟ್ ಗುಂಪಿನಲ್ಲಿ ಆ ಅಜ್ಜಿ ಇಲ್ಲ. ಅದೇ ತೊಂದರೆ.

ಅಸಲಿಗೆ ಬೆಂಕಿ ಯಾಕೆ ಬೇಕು? ಮಾರ್ಚಿನಲ್ಲಿ ಫ್ಯಾನಿಲ್ಲದೆ ನಿದ್ದೆ ಬರೋದಿಲ್ಲ ನಮಗೆ. ಚಳಿಗಲ್ಲ, ಅಡುಗೆಗಲ್ಲ (ಬಿರಿಯಾನಿ ಪಾರ್ಸೆಲ್ ಬಂದಿರುತ್ತದೆ), ರೀಲ್ಸ್‌ಗೆ. ಮುಖದ ಮೇಲೆ ಕೆಂಪು ಬೆಳಕು ಬಿದ್ದರೆ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಬೆಂಕಿ ಪಕ್ಕ ಕೂತವನ ಕಣ್ಣಿಗೆ ಬೆಂಕಿ ಬಿಟ್ಟು ಬೇರೇನೂ ಕಾಣುವುದಿಲ್ಲ. ದೀಪ ಎಲ್ಲ ಆರಿಸಿ 20 ನಿಮಿಷ ಸುಮ್ನೆ ಕೂತರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ, ನಕ್ಷತ್ರ ಒಂದೊಂದೇ ಏಳುತ್ತವೆ. ನತ್ತಿಂಗ ಹಕ್ಕಿ ಕೂಗೋದು ಕೇಳುತ್ತದೆ. ಆ ಹಕ್ಕಿ ಗೂಡನ್ನೇ ಕಟ್ಟೋದಿಲ್ಲ ಗೊತ್ತಾ, ಬೇಸಿಗೆಯಲ್ಲಿ ಬರೀ ನೆಲದ ಮೇಲೆ, ತರಗೆಲೆ ನಡುವೆ ಮೊಟ್ಟೆ ಇಡುತ್ತದೆ. ಹುಲ್ಲಿನ ಬೆಂಕಿ ಅಂದರೆ ಅದಕ್ಕೆ ಏನು ಅಂತ ಯೋಚಿಸಿ. ನಾವು ತಂದು ಹಾಕಿದ್ದ ಆ ದಪ್ಪ ಕೊರಡಿನಲ್ಲಿ ಒಂದು ಪೊಟರೆ ಇತ್ತು. ಅದು ಯಾರ ಮನೆಯಾಗಿತ್ತೋ, ಆವತ್ತು ನಾವು ನೋಡಲೂ ಇಲ್ಲ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಸುಟ್ಟರೆ ಹೋಗೋದಿಲ್ಲ, ಅಂಟು ಅಂಟಾಗಿ ಕಲ್ಲಿಗೆ ಹಿಡಿಯುತ್ತದೆ, ಹೊತ್ತು ತಂದವರು ಹೊತ್ತುಕೊಂಡು ಹೋಗಿ. ಕಿತ್ತಳೆ ಸಿಪ್ಪೆ ಕೂಡ. ಬಯಲಿಗೆ ಹೋಗುವವರು ನೀರಿನಿಂದ ಎಂಬತ್ತು ಹೆಜ್ಜೆಯಾದರೂ ದೂರ ಹೋಗಿ, ಗೇಣು ಆಳ ಗುಂಡಿ ತೋಡಿ ಮುಚ್ಚಿ. ಬಂಡೆಯ ಮೇಲೆ ಬೆಂಕಿ ಹಾಕಿದರೆ ಹುಲ್ಲಿಲ್ಲ, ಸೇಫ್ ಅಂದುಕೊಳ್ಳಬೇಡಿ, ಕಾದ ಕಲ್ಲು ಚಕ್ಕೆ ಚಕ್ಕೆಯಾಗಿ ಸಿಡಿಯುತ್ತದೆ, ಮಸಿ ವರ್ಷಗಟ್ಟಲೆ ಉಳಿಯುತ್ತದೆ. ಎಲ್ಲಾದರೂ ಹೊಗೆ ಕಂಡರೆ ವೀಡಿಯೋ ಆಮೇಲೆ ಮಾಡಿ, ಮೊದಲು 112ಕ್ಕೋ ಅರಣ್ಯ ಇಲಾಖೆಯ 1926ಕ್ಕೋ ಫೋನ್ ಮಾಡಿ. ಕ್ಯಾಂಪ್ ಮಾಡಲೇಬೇಕು ಅನ್ನಿಸಿದರೆ ಭೀಮೇಶ್ವರಿಯ ಹಾಗೆ ಅನುಮತಿ ಇರುವ ಕ್ಯಾಂಪ್‌ಗಳಿವೆ, ಬುಕ್ ಮಾಡಿ ಹೋಗಿ, ಅಲ್ಲಿ ಬೆಂಕಿ ಬೇಡ ಅಂದರೆ ಬೇಡ.

ಕ್ಯಾಂಪ್ ಅನ್ನೋದು ನಮ್ಮೂರಿಗೆ ಹೊಸದೇನಲ್ಲ ಬಿಡಿ. ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬಿಡಾರ ಹೂಡಿದ್ದಕ್ಕೇ ಪಾಂಡವಪುರಕ್ಕೆ ಬಹಳ ಕಾಲ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು. ಅವರು ಒಲೆ ಆರಿಸಿ ಹೋಗಿದ್ದರೋ ಇಲ್ಲವೋ.

ನಿನ್ನೆ ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ. "ಹಾಗಾದ್ರೆ ಒಂದು ಬಿಂದಿಗೆ ನೀರು ಹೊತ್ಕೊಂಡ್ ಹತ್ತಿದ್ರೆ ಓಕೆನಾ ಮಾವ?" ಅಂದ. ಇಲ್ಲ ಕಣೋ, ಮೀಸಲು ಅರಣ್ಯದಲ್ಲಿ ರಾತ್ರಿ ಉಳಿಯೋಕೇ ಅನುಮತಿ ಬೇಕು, ಬಿಂದಿಗೆಯನ್ನ ಲೈಸೆನ್ಸ್ ಅಂದುಕೊಂಡ್ಯಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಾಲೆ ಪಕ್ಕದ ನಮ್ಮ ತೆಂಗಿನ ತೋಟದಲ್ಲಿ ಟೆಂಟ್ ಹಾಕಿಕೊಳ್ಳಬಹುದಾ ಅಂತ ಕೇಳಿದ. ಹಾಕಿಕೊಳ್ಳಿ, ಪಂಪ್‌ಸೆಟ್ ಪಕ್ಕದಲ್ಲೇ ಇದೆ, ಒಲೆ ಬೇಕಾದರೂ ಹೂಡಿಕೊಳ್ಳಿ, ಸ್ಪೀಕರ್ ಮಾತ್ರ ಬೇಡ ಅಂದೆ.

ಒಪ್ಪಿಕೊಂಡಿದ್ದಾನೆ. ಈಗ 14 ಜನಕ್ಕೆ ಮುದ್ದೆ ತಿರುವೋರು ಯಾರು ಅಂತ ಮನೆಯಲ್ಲಿ ನನ್ನ ಹೆಂಡತಿ ಕೇಳುತ್ತಿದ್ದಾಳೆ.