ಆಪರೇಷನ್ ಆಸ್ಪತ್ರೆಯಲ್ಲಿ, ಆರೈಕೆ ಫೋನಿನಲ್ಲಿ: ಸಾಕಾಗುತ್ತಾ?

ಪರ

ಹರ್ನಿಯಾ, ಪೈಲ್ಸ್, ಕಣ್ಣಿನ ಪೊರೆ. ಇವಕ್ಕೆಲ್ಲ ಬೆಳಿಗ್ಗೆ ಸೇರಿಸಿಕೊಂಡು ಸಂಜೆ ಕಳಿಸುವುದು, ಅಂದರೆ ಡೇ ಕೇರ್, ಈಗ ಮಾಮೂಲು. ಕಳಿಸುವಾಗ ಕೈಗೊಂದು ಡಿಸ್ಚಾರ್ಜ್ ಚೀಟಿ ಕೊಡುತ್ತಾರೆ, ಅದು ಇಂಗ್ಲಿಷಿನಲ್ಲಿ. ಸಿಸ್ಟರ್ ಬಾಯಲ್ಲಿ ಹೇಳಿದ್ದು ಮಂಪರಿನಲ್ಲಿರುವವರಿಗೆ ಎಷ್ಟು ನೆನಪಿರುತ್ತದೆ? ನಿಜವಾದ ಪ್ರಶ್ನೆಗಳು ಹುಟ್ಟುವುದು ಮನೆಗೆ ಬಂದ ಮೇಲೆ, ಅದೂ ರಾತ್ರಿ. ಬ್ಯಾಂಡೇಜ್ ಮೇಲೆ ಸ್ವಲ್ಪ ರಕ್ತ ಕಾಣಿಸುತ್ತಿದೆ, ಪರವಾಗಿಲ್ವಾ? ಶುಗರ್ ಮಾತ್ರೆ ಇವತ್ತೂ ತಗೋಬೇಕಾ? ಆಗ ಉತ್ತರ ಹೇಳೋರು ಮೆಡಿಕಲ್ ಶಾಪಿನ ಹುಡುಗ, ಇಲ್ಲವೇ "ಬದನೆಕಾಯಿ ಮುಟ್ಟಬೇಡಿ, ನಂಜಾಗುತ್ತೆ" ಎನ್ನುವ ಪಕ್ಕದ ಮನೆಯವರು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದಾಗ ಕೆಲವರಿಗೆ ಮೂತ್ರ ಕಟ್ಟಿಕೊಳ್ಳುತ್ತದೆ. ಕಿಬ್ಬೊಟ್ಟೆ ಉಬ್ಬಿ ನೋವು ಬಂದರೂ, ಹೇಳಿಕೊಳ್ಳಲು ನಾಚಿಕೆಯಾಗಿ, ಈ ಹೊತ್ತಿನಲ್ಲಿ ಯಾರನ್ನು ಎಬ್ಬಿಸೋದು ಅಂತ ಬೆಳಗಾಗುವ ತನಕ ಸುಮ್ನೆ ಮಲಗಿರುವ ಹಿರಿಯರು ಬೇಕಾದಷ್ಟು ಜನ. ಅದೇ ರಾತ್ರಿ ಆಸ್ಪತ್ರೆಯಿಂದಲೇ ಒಂದು ಕಾಲ್ ಬಂದು "ಮೂತ್ರ ಹೋಯ್ತಾ ಅಜ್ಜ?" ಅಂತ ಕೇಳಿದರೆ ವಿಷಯ ಗೊತ್ತಾಗುತ್ತದೆ. ಎದ್ದು ಕೂತರೆ ತಲೆ ಸಿಡಿಯುತ್ತದೆ, ಮಲಗಿದರೆ ಕಡಿಮೆ ಅನ್ನುವುದೂ ಆ ಇಂಜೆಕ್ಷನ್‌ನಿಂದ ಬರುವ ತಲೆನೋವೇ ಇರಬಹುದು. ತಿಳಿದ ಡಾಕ್ಟರಿಗೆ ಇದನ್ನು ಗುರುತಿಸಲು ಮಾತೇ ಬಹುಪಾಲು ಸಾಕು.

ಇನ್ನು ಓಡಾಟ. ಮೂಡಿಗೆರೆಯವರು ಮಂಗಳೂರಿನಲ್ಲಿ ಹರ್ನಿಯಾ ಮಾಡಿಸಿಕೊಂಡರು ಅಂದುಕೊಳ್ಳಿ. ಹಸಿ ಹೊಲಿಗೆ ಇಟ್ಟುಕೊಂಡು ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಕುಲುಕಾಡಿಕೊಂಡು ಹೋಗಿ, ಅರ್ಧ ದಿನ ಕಾದು, "ಚೆನ್ನಾಗಿದೆ, ಹೋಗಿ" ಅನ್ನಿಸಿಕೊಂಡು ಬರಬೇಕಾ? 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ (ಫೋನು, ವಿಡಿಯೊ ಮೂಲಕ ವೈದ್ಯಕೀಯ ಸಲಹೆ) ಮಾರ್ಗಸೂಚಿ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಒಮ್ಮೆ ನೇರವಾಗಿ ನೋಡಿದ ರೋಗಿಯನ್ನು ಅದೇ ತೊಂದರೆಗೆ ಆರು ತಿಂಗಳೊಳಗೆ ವಿಡಿಯೊದಲ್ಲಿ ನೋಡಿದರೆ ಅದು ಫಾಲೋಅಪ್ಪೇ.

ಕೆನಡಾದ ಎಂಟು ಆಸ್ಪತ್ರೆಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನೂ ನೋಡಿ. ಅದು ತುರ್ತಾಗಿ ಆಪರೇಷನ್ ಆಗಿ ಮನೆಗೆ ಹೋದವರದ್ದು, ಡೇ ಕೇರ್‌ನದ್ದಲ್ಲ. ಆದರೂ ದೂರದಿಂದ ನಿಗಾ ಇಟ್ಟವರಲ್ಲಿ ನೋವಿನ ದೂರು ಕಡಿಮೆ ಇತ್ತು, ಔಷಧದ ತಪ್ಪುಗಳು ಜಾಸ್ತಿ ಪತ್ತೆಯಾದವು.

ವಿರೋಧ

ಅದೇ ಪ್ರಯೋಗದ ಉಳಿದರ್ಧವನ್ನೂ ಹೇಳಬೇಕಲ್ವಾ? ಮುಖ್ಯವಾಗಿ ಅವರು ಅಳೆಯಲು ಹೊರಟಿದ್ದು, ಆಸ್ಪತ್ರೆ ಮೆಟ್ಟಿಲು ಹತ್ತದೆ ಮನೆಯಲ್ಲೇ ಕಳೆದ ದಿನಗಳನ್ನು. ಅದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಸರ್ಜನ್ ಹೊಟ್ಟೆ ಒತ್ತಿ ನೋಡುವುದು ಶಾಸ್ತ್ರಕ್ಕಲ್ಲ. ಹೊಟ್ಟೆ ಕಲ್ಲಾಗಿದೆಯೋ ಮೆತ್ತಗಿದೆಯೋ ಎಂಬುದು ಸ್ಕ್ರೀನಿನಲ್ಲಿ ತಿಳಿಯುವುದಿಲ್ಲ. ಗಾಯದ ವಾಸನೆ ಬರುವುದಿಲ್ಲ. ನಮ್ಮ ಕಂದು ಚರ್ಮದ ಮೇಲೆ ಕೆಂಪು ಮೊದಲೇ ಮಸುಕು, ಅದನ್ನು ಟ್ಯೂಬ್‌ಲೈಟ್ ಬೆಳಕಿನಲ್ಲಿ ಹಳೆ ಫೋನಿನಿಂದ ತೆಗೆದರೆ ಕೀವಾಗುವ ಗಾಯವೂ ಒಂದೇ, ಮಾಯುವ ಗಾಯವೂ ಒಂದೇ. ಪೊರೆ ತೆಗೆದ ಕಣ್ಣು ನೋಯುತ್ತಾ ಕೆಂಪಾಗಿ ದೃಷ್ಟಿ ಮಂಜಾದರೆ ಅದು ಕಣ್ಣೊಳಗಿನ ಸೋಂಕಿರಬಹುದು, ಗಂಟೆಗಳ ಲೆಕ್ಕ. ಅಲ್ಲಿ "ಫೋಟೊ ಕಳಿಸಿ, ನೋಡ್ತೀನಿ" ಅನ್ನುವುದೇ ಅಪಾಯ.

ಫೋಟೊ ಅಂದೆನಲ್ಲ, ಪೈಲ್ಸ್ ಆಪರೇಷನ್ ಆದ ಜಾಗದ ಫೋಟೊ ತೆಗೆಯೋರು ಯಾರು? ಮಗನಾ, ಸೊಸೆನಾ? ಆಮೇಲೆ ಅದು ಗ್ಯಾಲರಿಯಲ್ಲಿ ಮೊಮ್ಮಕ್ಕಳ ಹುಟ್ಟುಹಬ್ಬದ ಪಕ್ಕದಲ್ಲೇ ಕೂತಿರುತ್ತದೆ. ನಗು ಬರಬಹುದು, ಆದರೆ ಈ ಸಂಕೋಚಕ್ಕೇ ಎಷ್ಟೋ ಜನ ಏನೂ ಕಳಿಸದೆ ಉಳಿಯುತ್ತಾರೆ. ಜ್ವರ ನೋಡೋದು, ಡ್ರೆಸ್ಸಿಂಗ್ ಬದಲಾಯಿಸೋದು, ಮಾತ್ರೆ ಲೆಕ್ಕ ಇಡೋದು, ಕಾಲ್‌ಗೆ ಕಾಯೋದು, ಇದೆಲ್ಲ ನರ್ಸ್ ಕೆಲಸ ಹೋಗಿ ಮನೆಯ ಹೆಂಗಸರ ಸಂಬಳವಿಲ್ಲದ ಕೆಲಸವಾಗುತ್ತದೆ. ಮಲೆನಾಡಿನಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತುವ ಊರುಗಳು ಇನ್ನೂ ಇವೆ. ಹರ್ನಿಯಾ ಹೊಲಿಗೆ ಹಾಕಿಸಿಕೊಂಡವರು ಗುಡ್ಡ ಹತ್ತಬೇಕಾ?

ನೋವು ತಡೆಯಲಾಗದಿದ್ದರೂ ಅಷ್ಟೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ಬರುವ ಬಲವಾದ ನೋವಿನ ಮಾತ್ರೆಗಳನ್ನು ಫೋನಿನಲ್ಲಿ ನೋಡಿ ಬರೆದುಕೊಡಲು ಅದೇ 2020ರ ಮಾರ್ಗಸೂಚಿ ಬಿಡಲಿಲ್ಲ.

ಕಾಲ್ ಮಾಡಲೇಬೇಡಿ ಅನ್ನುತ್ತಿಲ್ಲ, ಮಾಡಲಿ. ಆದರೆ ಕಾಲ್ ಇದೆ ಎಂಬ ಧೈರ್ಯದಲ್ಲಿ ಒಂದು ರಾತ್ರಿ ಇರಿಸಿಕೊಳ್ಳಬೇಕಾದವರನ್ನೂ ಸಂಜೆಗೇ ಕಳಿಸಿಬಿಡುತ್ತಾರೆ, ನನ್ನ ಭಯ ಅದು. ರಾತ್ರಿ ಎರಡಕ್ಕೆ ವಿಡಿಯೊದಲ್ಲಿ "ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಿ" ಅಂತಾರೆ. ಹತ್ತಿರದ ಆಸ್ಪತ್ರೆಯವರು ಕೇಸ್ ಪೇಪರ್ ನೋಡಿ "ಎಲ್ಲಿ ಮಾಡಿಸಿದ್ರೋ ಅಲ್ಲಿಗೇ ಹೋಗಿ" ಅಂತಾರೆ.