ಆಷಾಢ ಮುಗಿಯುತ್ತಾ ಬಂತು, ಮಾತ್ರೆ ಇನ್ನೂ ಸಿಕ್ಕಿಲ್ಲ

ಇಂದು ಮಧ್ಯಾಹ್ನ ಮಂಡ್ಯ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗನನ್ನು ಕಂಡು ಬಂದಾಗಿನಿಂದ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡಂತಾಗಿದೆ. ಊಟ ಸೇರಲಿಲ್ಲ. ಬರೆದ ಮೇಲೆಯೇ ಮಲಗುತ್ತೇನೆ.

ಅವನಿಗೆ 26 ವರ್ಷ. ಆಲೆಮನೆಯಲ್ಲಿ ಕೆಲಸ. ವೈಶಾಖದಲ್ಲಿ ಮದುವೆಯಾಯಿತು. ಆಷಾಢ ಹಿಡಿಯಿತೆಂದು ಹೆಂಡತಿ ತವರಿಗೆ ಹೋದಳು. ಅದೇ ವಾರ ಇವನಿಗೆ ಬಿಡದ ಜ್ವರ, ರಕ್ತ ಪರೀಕ್ಷೆ, ಎಚ್‌ಐವಿ ಪಾಸಿಟಿವ್. ಇಂದಿಗೆ 22 ದಿನ. ಈ 22 ದಿನಗಳಲ್ಲಿ ಐದು ಸಲ ಚಿಕಿತ್ಸಾ ಕೇಂದ್ರಕ್ಕೆ ಅಲೆದಿದ್ದಾನೆ. ಒಂದೇ ಒಂದು ಮಾತ್ರೆ ಅವನ ಹೊಟ್ಟೆಗೆ ಹೋಗಿಲ್ಲ.

ಮೊದಲ ಸಲ ಆಧಾರ್‌ನಲ್ಲಿ ಹಳೆಯ ವಿಳಾಸವಿದೆ ಎಂದರಂತೆ. ಎರಡನೆಯ ಸಲ ಸಿಡಿ4 ವರದಿ, ಅಂದರೆ ರೋಗನಿರೋಧಕ ಜೀವಕೋಶಗಳ ಎಣಿಕೆ, ಬರಲಿ ಎಂದರಂತೆ. ಮೂರನೆಯ ಸಲ ವೈದ್ಯರು ತರಬೇತಿಗೆ ಹೋಗಿದ್ದರು. ನಾಲ್ಕನೆಯ ಸಲ, ಮನೆಯವರೊಬ್ಬರನ್ನು ಕರೆದುಕೊಂಡು ಬಾ. ನಿನ್ನೆ ಹೋದರೆ, ಸೋಮವಾರ ಬಾ. ಚೀಟಿಗಳನ್ನೆಲ್ಲ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲವೊಂದರಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದ. ತೆಗೆದು ತೋರಿಸುವಾಗ ನೋಡಿದೆ, ಚೀಟಿಯ ಹಿಂದೆ ಹತ್ತು ಬಸ್ ಟಿಕೆಟ್‌ಗಳನ್ನು ಒಂದೇ ಗುಂಡುಪಿನ್ನಿಗೆ ಚುಚ್ಚಿದ್ದಾನೆ. ಮುಂಗೈ ಮೇಲೆ ಕೊಪ್ಪರಿಗೆಯಿಂದ ಸಿಡಿದ ಬೆಲ್ಲದ ಪಾಕದ ಗುರುತು. ಐದು ದಿನದ ಕೂಲಿ ಹೋಗಿದೆ. ಅವನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳಿದ್ದು ಇಷ್ಟೇ: "ಅಕ್ಕ, ಶ್ರಾವಣಕ್ಕೆ ಅವಳು ಬರುತ್ತಾಳೆ. ಅಷ್ಟರೊಳಗೆ ಏನಾದರೂ ಆಗುತ್ತದೆಯೇ?"

ಆಗುತ್ತಿತ್ತು ಕಣಪ್ಪ. ನನ್ನ ಸಂಕಟವೇ ಅದು.

ನಾನು 17 ವರ್ಷ ಎಚ್‌ಐವಿ ಆಪ್ತಸಮಾಲೋಚಕಿಯ ಕುರ್ಚಿಯಲ್ಲಿ ಕುಳಿತಿದ್ದೆ. ಪರೀಕ್ಷೆಯ ಫಲಿತಾಂಶವನ್ನು ಹೇಳುವುದೇ ನನ್ನ ಕೆಲಸವಾಗಿತ್ತು. ಆ ಕೋಣೆಯಲ್ಲಿ ಜನ ಕೇಳುತ್ತಿದ್ದ ಮೊದಲ ಪ್ರಶ್ನೆ "ಎಷ್ಟು ದಿನ ಬದುಕುತ್ತೇನೆ?" ಎಂಬುದು. ಈಗ ಕೇಳಬೇಕಾದ ಪ್ರಶ್ನೆ ಬೇರೆ: ವೈರಸ್ ಎಷ್ಟು ದಿನಗಳಲ್ಲಿ ಅಡಗುತ್ತದೆ, ಅಂದರೆ ಸಂಗಾತಿಗೆ ಹರಡದಷ್ಟು ಕೆಳಗೆ ಇಳಿಯುತ್ತದೆ? ಅದಕ್ಕೆ ಉತ್ತರವಿದೆ. ಆ ಉತ್ತರ ಕೇಳಿದರೆ ಕುಣಿಯಬೇಕು ಅನ್ನಿಸುತ್ತದೆ.

ನಮ್ಮಲ್ಲಿ ಈಗ ಉಚಿತವಾಗಿ ಕೊಡುವುದು ಟಿಎಲ್‌ಡಿ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಮೂರನೆಯದೇ ಇದರಲ್ಲಿ ದೊಡ್ಡ ಬದಲಾವಣೆ ತಂದದ್ದು. ವೈರಸ್ ತನ್ನ ವಂಶವಾಹಿಯನ್ನು ನಮ್ಮ ಜೀವಕೋಶದ ವಂಶವಾಹಿಯೊಳಗೆ ಸೇರಿಸಿಕೊಳ್ಳುವ ಹೆಜ್ಜೆಯನ್ನೇ ಅದು ತಡೆಯುತ್ತದೆ. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, ಹೊಸದಾಗಿ ಚಿಕಿತ್ಸೆ ಆರಂಭಿಸಿದವರನ್ನು ಎರಡು ಗುಂಪು ಮಾಡಿ ನೋಡಿದರು. ಡೊಲುಟೆಗ್ರಾವಿರ್ ಇದ್ದ ಔಷಧಿ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನರಿಗೆ 28 ದಿನಗಳಲ್ಲೇ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಒಂದು ಮಿಲಿಲೀಟರಿಗೆ ವೈರಸ್‌ನ 50 ಪ್ರತಿಗಳಿಗಿಂತ ಕೆಳಗೆ ಇಳಿದಿತ್ತು. ಹಳೆಯ ಎಫಾವಿರೆಂಜ್ ಇದ್ದವರಲ್ಲಿ ಅರ್ಧ ಜನ ಅಲ್ಲಿಗೆ ತಲುಪಲು 84 ದಿನ ಬೇಕಾಯಿತು.

28 ದಿನ. ಒಂದು ಆಷಾಢ. ಹೆಂಡತಿ ತವರಿಗೆ ಹೋದ ವಾರವೇ ಈ ಹುಡುಗನ ಕೈಗೆ ಮಾತ್ರೆಯ ಡಬ್ಬಿ ಬಂದಿದ್ದರೆ ಅವಳು ಬರುವ ಹೊತ್ತಿಗೆ ಅವನ ರಕ್ತದಲ್ಲಿನ ವೈರಸ್ ಬಹುಪಾಲು ಅಡಗಿರುತ್ತಿತ್ತು. ವೈರಲ್ ಲೋಡ್ ತೀರಾ ಹೆಚ್ಚಿದ್ದವರಿಗೆ ಇನ್ನಷ್ಟು ವಾರ ಬೇಕಾಗಬಹುದು, ವರದಿ ಬಂದು ಖಚಿತವಾಗುವವರೆಗೆ ಕಾಂಡೋಮ್ ಬೇಕೇ ಬೇಕು, ಅದನ್ನೆಲ್ಲ ಅವನಿಗೆ ಹೇಳಿದ್ದೇನೆ. ಆದರೆ ವಿಜ್ಞಾನ ಅಷ್ಟು ವರ್ಷ ಹೆಣಗಿ ಉಳಿಸಿಕೊಟ್ಟ ದಿನಗಳಲ್ಲಿ 22ನ್ನು ನಾವು ಆಧಾರ್ ವಿಳಾಸಕ್ಕೆ, ತರಬೇತಿಗೆ, ಸೋಮವಾರಕ್ಕೆ ಸುರಿದಿದ್ದೇವೆ. ಆ ಹೆಣ್ಣುಮಗಳ ಪರೀಕ್ಷೆಯೂ ಆಗಿದೆ, ಅವಳಿಗೆ ಸೋಂಕಿಲ್ಲ. ಇವನೇ ಫೋನಿನಲ್ಲಿ ವಿಷಯ ತಿಳಿಸಿ, ಅಳುತ್ತಲೇ ಅವಳನ್ನು ಪರೀಕ್ಷೆಗೆ ಒಪ್ಪಿಸಿದ. ಅಷ್ಟು ಧೈರ್ಯ ಮಾಡಿದವನಿಗೆ ಮನೆಯವರನ್ನು ಕರೆದುಕೊಂಡು ಬಾ ಎಂದು ಹೇಳುವುದಕ್ಕೆ ಬಾಯಾದರೂ ಹೇಗೆ ಬರುತ್ತದೆ? ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬೇರೆಯವರ ಮುಂದೆ ಬಿಚ್ಚಿಡುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. 2017ರಲ್ಲಿ ಬಂದ ಕಾನೂನು, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಹಳ್ಳಿಯಲ್ಲಿ ಯಾರನ್ನು ಕರೆದುಕೊಂಡು ಬರಲಿ ಅವನು? ದೊಡ್ಡಪ್ಪನನ್ನೇ?

ನನ್ನ ಹಳೆಯ ಸಹೋದ್ಯೋಗಿಗಳು ಇದನ್ನು ಓದುತ್ತಾರೆ. ಅವರ ಉತ್ತರ ನನಗೆ ಬಾಯಿಪಾಠ. "ಆಘಾತದಲ್ಲಿರುವವರಿಗೆ ಮೊದಲ ದಿನವೇ ಮಾತ್ರೆ ಕೊಟ್ಟರೆ ಅರ್ಧಕ್ಕೆ ಬಿಡುತ್ತಾರೆ. ಮನಸ್ಸು ಹದವಾಗಲಿ. ಎರಡು ಮೂರು ಸಲ ಕೂರಿಸಿ ಮಾತನಾಡಬೇಕು." ನಾನೂ ಹೀಗೆಯೇ ಹೇಳುತ್ತಿದ್ದೆ. ಆ ಕಾಲಕ್ಕೆ ಅದರಲ್ಲಿ ಹುರುಳಿತ್ತು. ನೆವಿರಪಿನ್ ನುಂಗಿದವರ ಮೈಯೆಲ್ಲ ಗಂಧೆ ಏಳುತ್ತಿತ್ತು. ಎಫಾವಿರೆಂಜ್ ನುಂಗಿದರೆ ತಲೆ ಸುತ್ತು, ಕೆಟ್ಟ ಕನಸು. ಮುಂಚೆ ತಿಳಿಸದೆ ಕೊಟ್ಟರೆ ನಿಜಕ್ಕೂ ಬಿಟ್ಟುಬಿಡುತ್ತಿದ್ದರು. ಈಗಿನ ಮಾತ್ರೆಯನ್ನು ಬಹುತೇಕರ ದೇಹ ಸುಲಭವಾಗಿ ಒಪ್ಪಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಹೇಳಿದೆ: ಸೋಂಕು ದೃಢಪಟ್ಟ ಏಳು ದಿನಗಳೊಳಗೆ ಚಿಕಿತ್ಸೆ ಶುರುವಾಗಲಿ, ಸಿದ್ಧರಿರುವವರಿಗೆ ಅದೇ ದಿನ ಕೊಡಿ. ಸಿಡಿ4 ವರದಿಗಾಗಿ ಚಿಕಿತ್ಸೆ ನಿಲ್ಲಬೇಕಾಗಿಲ್ಲ. ಮೆದುಳಿನ ಪೊರೆಗೆ ಕ್ಷಯವೋ ಶಿಲೀಂಧ್ರವೋ ತಗುಲಿದ ಲಕ್ಷಣವಿದ್ದರೆ ಮಾತ್ರ ಕೆಲವು ವಾರ ತಡೆಯಬೇಕು, ಅಲ್ಲಿ ಅವಸರ ಮಾಡಿದರೆ ಜೀವಕ್ಕೇ ಕುತ್ತು. ಅದನ್ನು ವೈದ್ಯರು ನೋಡಿ ತೀರ್ಮಾನಿಸುತ್ತಾರೆ. ಈ ಹುಡುಗನನ್ನು ಐದು ಭೇಟಿಗಳಲ್ಲಿ ಒಬ್ಬ ವೈದ್ಯರೂ ಮುಟ್ಟಿ ನೋಡಿಲ್ಲ. ಮನಸ್ಸು ಹದವಾಗಲಿ ಎಂಬ ಮಾತನ್ನು ಇಲ್ಲಿ ಯಾರೂ ತರಬೇಡಿ. 22 ದಿನ ಬಾಗಿಲು ತಟ್ಟಿದವನ ಮನಸ್ಸು ಇನ್ನೆಷ್ಟು ಹದವಾಗಬೇಕು?

ಇದನ್ನು ಇಷ್ಟು ಖಾರವಾಗಿ ಬರೆಯಲು ಒಂದು ಕಾರಣವಿದೆ. ಎಲ್ಲಿಯೂ ಹೇಳಿರಲಿಲ್ಲ, ಇಂದು ಹೇಳುತ್ತೇನೆ. ಹಿಂದೆ ಸಿಡಿ4 ಒಂದು ಗಡಿಗಿಂತ ಕೆಳಗಿಳಿದರೆ ಮಾತ್ರ ಮಾತ್ರೆ. ಮೊದಲು 200, ಆಮೇಲೆ 350, ಆಮೇಲೆ 500. ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ ಬಂದದ್ದು 2017ರಲ್ಲಿ. ಗಡಿ 350 ಇದ್ದಾಗ ಪಾಂಡವಪುರದ ಕಡೆಯ ಲಾರಿ ಚಾಲಕನೊಬ್ಬ ಬಂದ. ಸಿಡಿ4 ಎಣಿಕೆ 412. "ನೀನು ಗಟ್ಟಿಯಾಗಿದ್ದೀಯಪ್ಪ, ಆರು ತಿಂಗಳು ಬಿಟ್ಟು ಬಾ" ಎಂದು ನಾನೇ ನಗುನಗುತ್ತಾ ಕಳುಹಿಸಿದೆ. ನಿಯಮ ಹಾಗಿತ್ತು. ಅವನು ಬಂದದ್ದು ಒಂದೂವರೆ ವರ್ಷದ ನಂತರ, ಅಣ್ಣನ ಹೆಗಲ ಮೇಲೆ. ಹತ್ತು ದಿನವೂ ಉಳಿಯಲಿಲ್ಲ. ಹಿಂದಕ್ಕೆ ಕಳುಹಿಸಿದವರಲ್ಲಿ ಎಷ್ಟು ಜನ ತಿರುಗಿ ಬರುವುದೇ ಇಲ್ಲ ಎಂಬುದು ಆ ಕುರ್ಚಿಯಲ್ಲಿ ಕುಳಿತವರಿಗೆ ಗೊತ್ತಿರುತ್ತದೆ. ನಾಳೆ ಬಾ ಎಂಬ ಮಾತು ಕಿವಿಗೆ ಬಿದ್ದರೆ ಇಂದಿಗೂ ನನಗೆ ಆ ಅಣ್ಣನ ಹೆಗಲು ಕಣ್ಣಿಗೆ ಕಟ್ಟುತ್ತದೆ.

ಬೇಗ ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ನಾಗಮಂಗಲದ ಕಡೆಯ ಒಬ್ಬ ತಾಯಿ. ಕಳೆದ ವರ್ಷ ಸೋಂಕು ಗೊತ್ತಾದ ಮರುದಿನವೇ ಅವಳಿಗೆ ಚಿಕಿತ್ಸೆ ಶುರುವಾಯಿತು. ಮಾತ್ರೆಗಳು ಡಬ್ಬಿಯಲ್ಲಿ ಗಲಗಲ ಎಂದು ಅತ್ತೆಗೆ ಕೇಳಿಸಬಾರದೆಂದು ಹತ್ತಿ ತುರುಕಿ, ರಾಗಿ ಹಿಟ್ಟಿನ ಡಬ್ಬದ ತಳದಲ್ಲಿ ಹುದುಗಿಸಿ ಇಡುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ನಮ್ಮಲ್ಲಿ ಮೊದಲ ವೈರಲ್ ಲೋಡ್ ಪರೀಕ್ಷೆ ಆರು ತಿಂಗಳಿಗೆ. ವರದಿಯಲ್ಲಿ ವೈರಸ್ ಪತ್ತೆಯಾಗಲಿಲ್ಲ ಎಂದು ಬಂತು. ನಾನು ಓದಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಹಾಗಾದರೆ ಮಗಳಿಗೆ ಕೈತುತ್ತು ಹಾಕಬಹುದೇ ಅಕ್ಕ?"

ಆರು ತಿಂಗಳು ಅವಳು ಮಗುವಿಗೆ ಕೈತುತ್ತು ಹಾಕಿರಲಿಲ್ಲ. ಕೈತುತ್ತಿನಿಂದ ಎಚ್‌ಐವಿ ಎಂದೂ ಹರಡುವುದಿಲ್ಲ, ಮಾತ್ರೆ ನುಂಗದಿದ್ದರೂ ಹರಡುವುದಿಲ್ಲ. ಅದನ್ನು ಮೊದಲ ದಿನವೇ ಹೇಳಿದ್ದರು, ಅವಳ ತಲೆಗೆ ಹೋಗಿರಲಿಲ್ಲ. ವೈರಸ್ ಅಡಗಿತು ಎಂಬ ಒಂದು ಸಾಲು ಕಣ್ಣೆದುರು ಬಂದಾಗಲೇ ತನ್ನ ಕೈಯ ಮೇಲೆ ಅವಳಿಗೆ ನಂಬಿಕೆ ಮರಳಿದ್ದು. ಆರು ತಿಂಗಳ ಪರೀಕ್ಷೆಯ ಜೊತೆಗೆ ಎರಡನೆಯ ತಿಂಗಳಲ್ಲೂ ಒಂದು ಪರೀಕ್ಷೆ ಮಾಡಿ ಎಂದು ನಾನು ಗೋಗರೆಯುವುದು ಇದಕ್ಕೇ. ಖರ್ಚು ಹೆಚ್ಚು ಎನ್ನುತ್ತಾರೆ. ಇರಲಿ, ಆ ಜಗಳ ಇನ್ನೊಂದು ದಿನ.

ಗಂಡ ಹೆಂಡತಿಯರ ವಿಷಯದಲ್ಲಿ ಮಾತ್ರೆಯೇ ಮುಖ್ಯ: ವೈರಸ್ ಅಡಗಿದರೆ ಕೂಡುವುದರಿಂದ ಸಂಗಾತಿಗೆ ಹರಡುವುದಿಲ್ಲ. ಯೂರೋಪಿನ 14 ದೇಶಗಳಲ್ಲಿ, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 782 ಪುರುಷ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕಾಂಡೋಮ್ ಇಲ್ಲದೆ 76 ಸಾವಿರಕ್ಕೂ ಹೆಚ್ಚು ಬಾರಿ ಕೂಡಿದ್ದರು. ವೈರಸ್ ಅಡಗಿದ ಸಂಗಾತಿಯಿಂದ ಸೋಂಕು ತಗುಲಿದವರು ಸೊನ್ನೆ. ಗಂಡು ಹೆಣ್ಣಿನ ಜೋಡಿಗಳಲ್ಲೂ ಅದಕ್ಕೆ ಮೊದಲೇ ಹೀಗೆಯೇ ಕಂಡಿತ್ತು. ಈ ಸೊನ್ನೆಯನ್ನು ನಮ್ಮ ಬಸ್ ನಿಲ್ದಾಣಗಳ ಗೋಡೆಯ ಮೇಲೆ ಆಳೆತ್ತರಕ್ಕೆ ಬರೆಸಬೇಕು.

ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರೇ ಕಟ್ಟಿ ನಡೆಸುತ್ತಿರುವ ಆಶೋದಯ ಸಮಿತಿಯವರಿಂದ ನಾನು ಕಲಿತ ಪಾಠ ಒಂದಿದೆ. ಪಾಸಿಟಿವ್ ಎಂದು ಗೊತ್ತಾದವರ ಕೈಗೆ ಚೀಟಿ ಕೊಟ್ಟು ಕಳುಹಿಸಬಾರದು, ಜೊತೆಗೆ ಒಬ್ಬರು ಹೋಗಬೇಕು. ಆ ಕುರ್ಚಿಯಲ್ಲಿದ್ದಾಗ ನನಗೆ ಎದ್ದು ಹೋಗಲು ಆಗುತ್ತಿರಲಿಲ್ಲ. ಈಗ ಆಗುತ್ತದೆ.

ಸೋಮವಾರ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಬರುತ್ತೇನೆಂದು ಹುಡುಗ ಹೇಳಿದ್ದಾನೆ. ನಾನು ಎಂಟು ಗಂಟೆಗೇ ನಿಲ್ದಾಣದಲ್ಲಿರುತ್ತೇನೆ. ಮನೆಯವರೊಬ್ಬರು ಬೇಕು ಎಂದರೆ ನಾನೇ ಅವನ ಅಕ್ಕ. ಮಾತ್ರೆಯ ಡಬ್ಬಿ ಅವನ ಕೈಗೆ ಬರುವವರೆಗೆ ಅಲ್ಲಿನ ಬೆಂಚಿನಿಂದ ಏಳುವುದಿಲ್ಲ.