ದುಡ್ಡು ನನ್ನದು, ಮಾತು ಮಾತ್ರ ತಮ್ಮನ ಜೊತೆ

ಸೈಜ್ ನಂಬರ್ ಅಂತೆ. ಸೈಜ್ ನಂಬರ್!

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋಗಿ ಮನೆಗೆ ಬಂದು ಎಷ್ಟು ಹೊತ್ತಾಯ್ತು, ಇನ್ನೂ ಆ ಮಾರುವವನ ಅದೇ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಟೈರಿನ ಸೈಜ್ ಯಾವುದು, ತಯಾರಾದ ತಾರೀಖು ಯಾವುದು ಅಂತ ನನಗೆ ಗೊತ್ತಿಲ್ವಾ? 185/65 ಆರ್15 ಅಂತ ದೊಡ್ಡದಾಗಿ ಇರುತ್ತಲ್ಲ, ಅದು ಸೈಜ್. ಮೊದಲು ಟೈರಿನ ಅಗಲ ಎಷ್ಟು ಮಿಲಿಮೀಟರ್ ಅಂತ, ಆಮೇಲೆ ಆ ಅಗಲದ ಶೇಕಡಾ ಎಷ್ಟು ಎತ್ತರ ಇದೆ ಅಂತ, ಕೊನೆಗೆ ರಿಮ್ ಎಷ್ಟು ಇಂಚು ಅಂತ. ನಾನು ಬೆರಳಿಟ್ಟು ತೋರಿಸಿದ್ದು ಅದನ್ನಲ್ಲ. ಅದರಾಚೆ ಮೊಟ್ಟೆಯಾಕಾರದ ಸಣ್ಣ ಗೆರೆಯೊಳಗೆ ನಾಲ್ಕು ಅಂಕಿ ಇತ್ತು. 3118. ಅಂದರೆ 2018ರ 31ನೇ ವಾರ. ಗಾಡಿಯೂ 2018ರದ್ದೇ. ಗಾಡಿ ಜೊತೆಗೇ ಹುಟ್ಟಿದ ಟೈರುಗಳವು! ಅವನು ಹೇಳಿದ್ದೇನು? "ನಾಲ್ಕಕ್ಕೂ ಹೊಸ ಟೈರ್ ಹಾಕ್ಸಿದೀವಿ, ಅದಕ್ಕೇ ರೇಟ್ ಸ್ವಲ್ಪ ಜಾಸ್ತಿ."

ಹೊಸದಂತೆ. ನೋಡೋಕೇನೋ ಫಳಫಳ ಅಂತಿತ್ತು. ಅಂಕಿ ಕಾಣಲಿ ಅಂತ ಹೆಬ್ಬೆರಳಿಂದ ಉಜ್ಜಿದೆ, ಬೆರಳೆಲ್ಲ ಕರ್ರಗಾಯ್ತು. ಪಾಲಿಶ್ ಹೊಡೆದಿದ್ದಾರೆ ಪುಣ್ಯಾತ್ಮರು. ನೆಲಕ್ಕೆ ತಾಗುವ ಕಡೆ ರಬ್ಬರ್ ಇನ್ನೂ ಸವೆದಿಲ್ಲ, ಒಪ್ಪುತ್ತೇನೆ. ಆದರೆ ರಬ್ಬರಿಗೂ ವಯಸ್ಸಾಗುತ್ತೆ, ಓಡದೆ ಸುಮ್ನೆ ನಿಂತಿದ್ದರೂ ಗಟ್ಟಿಯಾಗುತ್ತೆ, ಸಣ್ಣ ಬಿರುಕು ಬಿಡುತ್ತೆ. ಒಂದು ಸೆಟ್ ಟೈರಿನ ಖರ್ಚು ನನ್ನ ತಲೆ ಮೇಲೆ ಬರುತ್ತೆ, ಅದನ್ನು ರೇಟಲ್ಲಿ ಕಳೆಯಿರಿ ಅಂತ ಕೇಳಿದೆ. ಇಷ್ಟೇ ನಾನು ಕೇಳಿದ್ದು.

ಅವನು ಟೈರ್ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. ನಾನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದೆ, ನನ್ನ ತಲೆ ಮೇಲಿಂದ ಹಿಂದೆ ನಿಂತಿದ್ದ ನನ್ನ ತಮ್ಮನಿಗೆ ಹೇಳಿದ. "ನೋಡಿ ಸರ್, ಮೇಡಂ ಯೂಟ್ಯೂಬ್ ನೋಡ್ಕೊಂಡ್ ಬಂದಿದ್ದಾರೆ." ಆಮೇಲೆ ನನಗೆ, ಸ್ವಲ್ಪ ಬಗ್ಗಿ, ಅಂಗನವಾಡಿ ಮಗುವಿಗೆ ಹೇಳುವ ಹಾಗೆ: "ಅದು ಸೈಜ್ ನಂಬರ್ ಮೇಡಂ. ಎಲ್ಲಾ ಟೈರಲ್ಲೂ ಇರುತ್ತೆ." ಪಕ್ಕದಲ್ಲಿ ಗಾಡಿ ಒರೆಸುತ್ತಿದ್ದ ಹುಡುಗ ನಕ್ಕ. ನನ್ನ ತಮ್ಮನೂ ನಕ್ಕ! ಪೂರ್ತಿ ಅಲ್ಲ, ಅರ್ಧ. ಯಾರ ಕಡೆ ಸೇರಬೇಕು ಅಂತ ಗೊತ್ತಾಗದವರು ನಗ್ತಾರಲ್ಲ, ಆ ಥರ. ಬಾನೆಟ್ ತೆಗೆಯುವ ಲಿವರ್ ಎಲ್ಲಿದೆ ಅಂತ ಗೊತ್ತಿಲ್ಲ ಅವನಿಗೆ. ಬಂದಿದ್ದು ಯಾಕೆ ಅಂದರೆ ಅಮ್ಮ "ಒಬ್ಬಳೇ ಹೋಗ್ಬೇಡ" ಅಂದರು ಅಂತ.

ನಾನು ಎದ್ದು ನಿಂತು ಕೈ ಒರೆಸಿಕೊಂಡೆ. ಕೈ ಒರೆಸಿಕೊಂಡೆ ಅಷ್ಟೇ. ಏನಾದರೂ ಹೇಳಬೇಕಿತ್ತು. ಈಗ ಸಾಲು ಸಾಲಾಗಿ ಹೊಳೀತಿದೆ ಉತ್ತರಗಳು. "ಹಾಗಾದ್ರೆ 3118 ಯಾವ ಸೈಜ್, ಸ್ವಲ್ಪ ಬಿಡಿಸಿ ಹೇಳಿ" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಆಮೇಲೆ ಒಳಗೆ ಟೇಬಲ್ಲು. ಇದನ್ನಂತೂ ಮರೆಯೋಕಾಗಲ್ಲ. ನಾನು ಎದುರು, ತಮ್ಮ ಪಕ್ಕದಲ್ಲಿ ಸ್ವಲ್ಪ ಹಿಂದಕ್ಕೆ, ಫೋನಲ್ಲಿ ಮುಳುಗಿ. ನಾನು ನನ್ನ ರೇಟ್ ಹೇಳಿದೆ. ಅವನು ಕ್ಯಾಲ್ಕುಲೇಟರ್ ತಗೊಂಡು ಟಕಟಕ ಒತ್ತಿದ. ಒತ್ತಿ ಅದನ್ನು ನನ್ನ ಕಡೆ ತಿರುಗಿಸಬೇಕು ತಾನೇ? ನನ್ನ ಮೂಗಿನ ಮುಂದೆಯೇ ಕೈ ಚಾಚಿ ತಮ್ಮನ ಮುಂದೆ ಹಿಡಿದ. "ನೀವೇ ಹೇಳಿ ಸರ್, ಈ ರೇಟಿಗೆ ಕೊಡಕ್ಕಾಗುತ್ತಾ? ನಮಗೇನು ಉಳಿಯುತ್ತೆ?" ನನ್ನ ದುಡ್ಡಿನ ಲೆಕ್ಕವನ್ನು ನಾನು ಓರೆಯಾಗಿ ಕತ್ತು ತಿರುಗಿಸಿ ಓದಬೇಕಾಯ್ತು. ತಮ್ಮ ತಲೆ ಎತ್ತಿ "ಅಕ್ಕನ್ನೇ ಕೇಳಿ" ಅಂದ. ಪಾಪ, ಅಷ್ಟಾದರೂ ಅಂದ. ಮಾರುವವನಿಗೆ ಅದು ಕೇಳಿಸಲಿಲ್ಲ. "ಮೇಡಂಗೆ ಗೊತ್ತಾಗಲ್ಲ ಸರ್, ನೀವು ಗಾಡಿ ಓಡಿಸೋರು." ಲೈಸೆನ್ಸ್ ಇರೋದು ನನಗೆ! ತಮ್ಮ ಇನ್ನೂ ಕಲಿಯೋದರಲ್ಲೇ ಇದ್ದಾನೆ!

ಮಾರುವವರಿಗೆ ಲಾಭ ಬೇಡ ಅಂತ ನಾನೇನು ಹೇಳ್ತಿಲ್ಲ. ಗಾಡಿ ಕೊಂಡು, ಸಣ್ಣಪುಟ್ಟ ರಿಪೇರಿ ಮಾಡಿಸಿ, ಜಾಗಕ್ಕೆ ಬಾಡಿಗೆ ಕಟ್ಟಿ ನಿಲ್ಲಿಸಿಕೊಂಡಿರ್ತಾರೆ. ಮಾರಾಟ ಆಗದೆ ನಿಂತಷ್ಟು ದಿನವೂ ಅವರ ದುಡ್ಡು ಅಲ್ಲೇ ಸಿಕ್ಕಿಕೊಂಡಿರುತ್ತೆ. ಚೌಕಾಸಿ ಅಂದರೆ ಅವರು ಏರಿಸೋದು, ನಾವು ಇಳಿಸೋದು. ಸರಿ. "ಡಾಕ್ಟರ್ ಓಡಿಸಿದ ಗಾಡಿ" ಅನ್ನಲಿ, "ಸಂಜೆ ಇನ್ನೊಂದು ಪಾರ್ಟಿ ಬರ್ತಾ ಇದೆ" ಅನ್ನಲಿ, ಮ್ಯಾನೇಜರನ್ನು ಕೇಳಿ ಬರ್ತೀನಿ ಅಂತ ಗಾಜಿನ ರೂಮಿಗೆ ಹೋಗಿ ಗೋಡೆ ನೋಡಿಕೊಂಡು ವಾಪಸ್ ಬರಲಿ. ಇದೆಲ್ಲ ಆಟ, ನಾನೂ ಆಡೋಕೆ ರೆಡಿ. ಆದರೆ ಆಟದಲ್ಲಿ ನನ್ನನ್ನು ಸೇರಿಸಿಕೊಂಡರೆ ತಾನೇ?

ಎಷ್ಟು ರೆಡಿ ಆಗಿದ್ದೆ ಅಂತ ನೆನೆಸಿಕೊಂಡರೆ ಈಗ ನನಗೇ ನಗು ಬರುತ್ತೆ. ಅದೇ ಮಾಡಲ್, ಅದೇ ವರ್ಷ, ಹೆಚ್ಚುಕಮ್ಮಿ ಅಷ್ಟೇ ಓಡಿರುವ ಗಾಡಿಗಳ ರೇಟ್ ಬರೆದ ಹಾಳೆ. ಟಾರ್ಚ್. ಬಟ್ಟೆ ಸುತ್ತಿದ ಅಯಸ್ಕಾಂತ, ಪುಟ್ಟಿ ಮೆತ್ತಿದ ಕಡೆ ಸರಿಯಾಗಿ ಅಂಟಲ್ಲ ಅಂತ. (ಬಂಪರಿಗೆ ಹಿಡೀಬೇಡಿ, ಅದು ಪ್ಲಾಸ್ಟಿಕ್.) ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು ಅಂತ ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ ನಿಂತಿದ್ದೆ. ಕನ್ನಡಿ ಮುಂದೆ ಪ್ರಾಕ್ಟೀಸ್ ಬೇರೆ! ನಮ್ಮ ನಂಬರ್ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು, ಆ ಮೌನಕ್ಕೆ ಎದುರಿನವನೇ ಇರುಸುಮುರುಸಾಗಿ ಇಳೀತಾನೆ ಅಂತ ಎಲ್ಲೋ ಓದಿದ್ದೆ. ಹಾಗೇ ಮಾಡಿದೆ. ಕಲ್ಲಿನ ಥರ ಸುಮ್ಮನೆ ಕೂತೆ. ನಾನು ಸುಮ್ಮನಿದ್ದೇನೆ ಅಂತ ಅವನಿಗೆ ಗೊತ್ತಾಗಲೇ ಇಲ್ಲ, ಯಾಕಂದರೆ ಅವನು ಮಾತಾಡುತ್ತಿದ್ದದ್ದು ನನ್ನ ಜೊತೆ ಅಲ್ಲವಲ್ಲ!

ಇನ್ನು ಕ್ಲೈಮ್ಯಾಕ್ಸ್ ಕೇಳಿ. ತಮ್ಮನಿಗೆ ಫೋನ್ ಬಂತು, ಹೊರಗೆ ಹೋದ. ಅಷ್ಟು ಹೊತ್ತು ಇವನು ನನ್ನ ಎದುರು ಒಂದು ಪೈಸೆ ಇಳಿಯಲಿಲ್ಲ. "ಇದೇ ಫೈನಲ್ ಮೇಡಂ, ಮಾರ್ಜಿನ್ನೇ ಇಲ್ಲ." ಕಂತು ಎಷ್ಟು ಬರುತ್ತೆ ಅಂತ ಮಾತ್ರ ಹೇಳುತ್ತಿದ್ದ, ಒಟ್ಟು ಎಷ್ಟು ಅಂದರೆ ಮಾತು ತಿರುಗಿಸುತ್ತಿದ್ದ. ಬಡ್ಡಿ ಫ್ಲಾಟ್ ರೇಟಂತೆ, ತುಂಬಾ ಕಡಿಮೆಯಂತೆ. ಫ್ಲಾಟ್ ಅಂದರೆ ಅಸಲು ತೀರುತ್ತಾ ಬಂದರೂ ಕೊನೇ ಕಂತಿನವರೆಗೆ ಮೊದಲಿನ ಪೂರ್ತಿ ಸಾಲಕ್ಕೇ ಬಡ್ಡಿ, ನಿಜವಾದ ರೇಟು ಹತ್ತಿರ ಹತ್ತಿರ ಎರಡರಷ್ಟಾಗುತ್ತೆ ಅಂದೆ. "ಅದೆಲ್ಲ ಬ್ಯಾಂಕಿನೋರ ಲೆಕ್ಕ ಮೇಡಂ, ಸರ್ ಬರ್ಲಿ" ಅಂದ.

ಸರ್ ಬಂದರು. ಬಾಗಿಲಲ್ಲೇ ನಿಂತು, ಕೈಯಲ್ಲಿ ಫೋನ್ ಹಿಡಿದುಕೊಂಡೇ, ನನ್ನನ್ನು ಕೇಳಿದ: "ಅಕ್ಕ, ಇದೇ ಲಾಸ್ಟಾ?"

ಅವನು ಕೇಳಿದ್ದು ಇವತ್ತು ನೋಡೋ ಗಾಡಿಗಳಲ್ಲಿ ಇದೇ ಕೊನೇದಾ, ಇನ್ನೂ ಎಲ್ಲಿಗಾದರೂ ಹೋಗಬೇಕಾ ಅಂತ. ಹಸಿವಾಗಿತ್ತು ಅವನಿಗೆ.

ಇವನು ಕುರ್ಚಿಯಿಂದ ಅರ್ಧ ಎದ್ದ. "ಅಯ್ಯೋ ಸರ್, ಹಾಗೆ ಎದ್ದು ಹೋಗ್ಬೇಡಿ. ನೀವು ಕೇಳಿದ್ದಕ್ಕೆ ಹೇಳ್ತೀನಿ." ಮತ್ತೆ ಟಕಟಕ. ಇಳಿಯಿತು! ನಾನು ಕೇಳಿದ್ದ ನಂಬರಿಗೆ ಹತ್ತಿರ ಹತ್ತಿರ ಬಂತು. ಹಾಳೆ ಇಲ್ಲ, ಟಾರ್ಚ್ ಇಲ್ಲ, ಅಯಸ್ಕಾಂತ ಇಲ್ಲ. ಹಸಿದ ಹುಡುಗ ಒಂದು ಪ್ರಶ್ನೆ ಕೇಳಿದ, ಆಯ್ತು.

ಇದಕ್ಕೆ ಯಾರಾದರೂ ಉತ್ತರ ಹೇಳಿ. ಈ ವ್ಯಾಪಾರದಲ್ಲಿ ಇರೋರು ಯಾರಾದರೂ ಇದನ್ನು ಓದುತ್ತಿದ್ದರೆ ನೀವೇ ಹೇಳಿ. ಚೆಕ್ ಮೇಲೆ ಸಹಿ ಮಾಡೋಳು ಎದುರಿಗೇ ಕೂತಿದ್ದಾಳೆ. ಅವಳನ್ನು ಬಿಟ್ಟು ಪಕ್ಕದವನನ್ನು ಒಪ್ಪಿಸಿದರೆ ನಿಮಗೆ ಸಿಗೋದಾದರೂ ಏನು? ವ್ಯಾಪಾರದ ಲೆಕ್ಕಕ್ಕಾದರೂ ಇದು ಸರಿಯಾ?

ಗಾಡಿ ಬೇಡ. ಬೇಡವೇ ಬೇಡ. ಅಂಥವನಿಗೆ ನನ್ನ ದುಡ್ಡು ಹೋಗೋದು ಬೇಡ ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ. ಆದರೆ ಹೊಟ್ಟೆ ಉರಿಯೋದು ಏನಂದರೆ, ಟೈರ್ ಒಂದು ಬಿಟ್ಟರೆ ಗಾಡಿ ಚೆನ್ನಾಗಿದೆ. ಸರ್ವಿಸ್ ದಾಖಲೆ ಪ್ರತಿ ವರ್ಷದ್ದೂ ಇದೆ, ಕಿಲೋಮೀಟರ್ ಎಲ್ಲೂ ಹಿಂದೆ ಮುಂದೆ ಆಗಿಲ್ಲ. ಪೆಡಲ್ ರಬ್ಬರ್ ಓಡಿದ್ದಕ್ಕೆ ತಕ್ಕಷ್ಟೇ ಸವೆದಿದೆ. ಸೀಟ್ ಬೆಲ್ಟ್ ಕೊನೆಯವರೆಗೆ ಎಳೆದು ನೋಡಿದೆ, ನೀರು ನಿಂತ ಕಲೆ ಇಲ್ಲ, ಕೆಸರಿಲ್ಲ. ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಎಣ್ಣೆ ಸುಡುವ ನೀಲಿ ಹೊಗೆಯೂ ಇಲ್ಲ, ಬೇರೆ ಹೊಗೆಯೂ ಇಲ್ಲ. ಇಂಥದ್ದು ಮತ್ತೆ ಸಿಗುತ್ತಾ? ಸಿಕ್ಕರೂ ಅಲ್ಲಿ ಇನ್ನೊಬ್ಬ ಇಂಥವನೇ ಕೂತಿರ್ತಾನೆ. ಎಲ್ಲರೂ ಹೀಗೇ, ಬಿಡಿ. ಕೊಂಡುಬಿಡೋಣ, ರೇಟ್ ಸಿಕ್ಕಿತಲ್ಲ, ಯಾರ ಬಾಯಿಂದ ಸಿಕ್ಕಿದರೇನು ಅಂತ ಒಂದು ಮನಸ್ಸು.

ಯಾರ ಬಾಯಿಂದ ಸಿಕ್ಕಿದರೇನು ಅಂತೆ! ಬರೆದಿದ್ದನ್ನು ಈಗ ಓದಿದೆ, ಮತ್ತೆ ಪಿತ್ತ ನೆತ್ತಿಗೇರಿತು.

ಇದೀಗ ತಮ್ಮನ ಫೋನಿಗೆ ಮೆಸೇಜ್ ಬಂದಿದೆ. ಹೌದು, ತಮ್ಮನ ಫೋನಿಗೇ. ನನ್ನ ನಂಬರ್ ಬರೆದು ಕೊಟ್ಟು ಬಂದಿದ್ದೆ. "ಸರ್, ಮೇಡಂ ಒಪ್ಪಿದ್ರಾ? ಅಡ್ವಾನ್ಸ್ ಹಾಕಿದ್ರೆ ಗಾಡಿ ಹೋಲ್ಡ್ ಮಾಡ್ತೀನಿ." ತಮ್ಮ ಅದನ್ನು ತೋರಿಸಿ "ಏನಂತ ಹಾಕ್ಲಿ ಅಕ್ಕ?" ಅಂತ ಕೇಳುತ್ತಿದ್ದಾನೆ. ನಾಳೆ ಒಬ್ಬಳೇ ಹೋಗ್ತೀನಿ, ನನ್ನ ಜೊತೆಗೇ ಮಾತಾಡಲಿ ಅಂದೆ. "ಹೋಗು, ಆದ್ರೆ ಆ ರೇಟ್ ಹೇಳ್ತಾನಾ?" ಅಂದ. ಹೇಳಲ್ಲ. ನನಗೂ ಗೊತ್ತು, ಹೇಳಲ್ಲ. "ಟೈರ್ ದುಡ್ಡೂ ಕಳೀಬೇಕು ಅಂತ ಹಾಕು" ಅಂದೆ. ಹಾಕಿದ. ಒಂದು ನಿಮಿಷವೂ ಆಗಿಲ್ಲ, ಉತ್ತರ ಬಂತು: "ನಿಮಗೋಸ್ಕರ ಮಾಡೋಣ ಸರ್."